ಒಲೆ ಬಂತು, ಹೊಗೆಯ ಪೈಪು ಯಾವುದು?

ಪುಣೆಯ ಯಾವುದಾದರೂ ಹಾರ್ಡ್‌ವೇರ್ ಅಂಗಡಿಯಲ್ಲಿ ನಿಂತು "ಚಿಮಣಿ ಪೈಪ್ ಬೇಕು" ಅಂದು ನೋಡಿ. ಮರಾಠಿಯಲ್ಲಿ ಚಿಮಣಿ ಅಂದರೆ ಗುಬ್ಬಚ್ಚಿಯೂ ಹೌದು. ನಮ್ಮ ಧಾರವಾಡ, ಬೆಳಗಾವಿ ಕಡೆಯವರಿಗೆ ಚಿಮಣಿ ಅಂದರೆ ಸೀಮೆಎಣ್ಣೆ ಬುಡ್ಡಿ. ಅಂಗಡಿಯವರಿಗೋ ಗ್ಯಾಸ್ ಒಲೆಯ ಮೇಲೆ ಗುಂಯ್‌ಗುಡುವ ಕರೆಂಟಿನ ಯಂತ್ರ. ಅವರು ಒಳಗೆ ಹೋಗಿ, ಹಾವಿನ ಪೊರೆಯ ಹಾಗೆ ಮಡಿಕೆ ಮಡಿಕೆಯಾಗಿ ಹೊಳೆಯುವ ಅಲ್ಯೂಮಿನಿಯಂ ಕೊಳವೆ ತಂದು ಕೌಂಟರಿನ ಮೇಲೆ ಎಳೆದು ತೋರಿಸುತ್ತಾರೆ. ಹಗುರ, ಅಗ್ಗ, ಬೇಕಾದ ಕಡೆ ಬಾಗುತ್ತದೆ. ಸೌದೆ ಒಲೆಗೆ ಅದನ್ನು ಹಾಕಿದಿರೋ, ಕೆಲಸ ಕೆಟ್ಟಿತು. ಅಡುಗೆಯ ಹಬೆ ಸಾಗಿಸಲು ಮಾಡಿದ ಕಾಗದದಂಥ ತಗಡು ಅದು, ಬೆಂಕಿಯ ಹೊಗೆಗಲ್ಲ.

ಮುಳಶಿ, ಭೋರ್, ಪಾನಶೇತ್ ಕಡೆ ಒಂದು ಸಣ್ಣ ಮನೆ ಮಾಡಿಕೊಂಡು, ಡಿಸೆಂಬರ್ ಚಳಿಗೆ ಅಂತ ಬಾಗಿಲಿರುವ ಕಬ್ಬಿಣದ ಸೌದೆ ಒಲೆ ತಂದಿಟ್ಟು, ಮುಂದೇನು ಎಂದು ಕೂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಗರದ ಫ್ಲ್ಯಾಟಿನಲ್ಲಿ ಇರುವವರು ಈ ಆಸೆ ಬಿಡುವುದು ಒಳ್ಳೆಯದು. ನಿಮ್ಮ ಹೊಗೆ ನೇರ ಮೇಲಿನ ಮಹಡಿಯವರ ಕಿಟಕಿಗೆ ಹೋಗುತ್ತದೆ, ಮರುದಿನ ಸೊಸೈಟಿಯ ಮೀಟಿಂಗಿನಲ್ಲಿ ನಿಮ್ಮದೇ ಮಾತು.

ಭಯಪಡಬೇಡಿ, ಹೊಗೆಯ ಪೈಪು ನಮಗೆ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದ ಮೂರು ಬಾಯಿಯ ಅಸ್ತ್ರ ಒಲೆಯನ್ನು ಕರ್ನಾಟಕದ ಹಳ್ಳಿಗಳಲ್ಲಿ ನೀವು ಕಂಡಿರಬಹುದು. ಪುಣೆಯಲ್ಲೇ ಡಾ. ಆನಂದ ಕರ್ವೆಯವರು ಕಟ್ಟಿದ 'ಆರ್ತಿ' ಸಂಸ್ಥೆ ಎರಡು ಬಾಯಿಯ, ಹೊಗೆಕೊಳವೆಯ ಲಕ್ಷ್ಮೀ ಒಲೆಯನ್ನು ಹಳ್ಳಿ ಹಳ್ಳಿಗೆ ಒಯ್ದಿತು. ಇನ್ನು ಕಸಬಾ ಪೇಠೆಯ ತಾಂಬಟ್ ಆಳಿಯಲ್ಲಿ ತಾಮ್ರದ 'ಬಂಬ್' ನೋಡಿ: ನಡುವೆ ಒಂದು ಕೊಳವೆ, ಸುತ್ತ ನೀರು, ಕೆಳಗೆ ಕೆಂಡ. ಫ್ಯಾನಿಲ್ಲ, ಮೋಟರಿಲ್ಲ. ಬಿಸಿ ಗಾಳಿ ತಾನಾಗಿ ಆ ಕೊಳವೆಯಲ್ಲಿ ಮೇಲೇರುತ್ತದೆ, ಕೆಳಗಿನಿಂದ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ. ನಿಮ್ಮ ಪೈಪು ಮಾಡಬೇಕಾದದ್ದೂ ಇಷ್ಟೇ ಕೆಲಸ. 300 ಡಿಗ್ರಿ ಬಿಸಿಯ ಹೊಗೆ ಹೊರಗಿನ ಗಾಳಿಯ ಸುಮಾರು ಅರ್ಧ ತೂಕ ಮಾತ್ರ ಇರುತ್ತದೆ. ಆ ಬಿಸಿ ಉಳಿಯುವಷ್ಟು ಹೊತ್ತು ಅದು ಏರುತ್ತದೆ, ಆರಿದರೆ ನಿಲ್ಲುತ್ತದೆ, ನಿಂತರೆ ಕೋಣೆಗೆ ವಾಪಸು ಬರುತ್ತದೆ. ಮುಂದಿನ ಎಲ್ಲ ಹಂತಗಳಲ್ಲೂ ಇದೊಂದನ್ನು ತಲೆಯಲ್ಲಿಟ್ಟುಕೊಳ್ಳಿ.

ಬೇಕಾಗುವ ಸಾಮಾನು: ಟೇಪು, ಹಳೆಯ ಪೇಪರ್, ಪೆನ್ಸಿಲ್, ಸ್ಪಿರಿಟ್ ಲೆವೆಲ್, ಡ್ರಿಲ್, ಚರ್ಮದ ಗ್ಲೌಸ್, ಊದುಬತ್ತಿ. ಅಂಗಡಿಗೆ ಈಗಲೇ ಓಡಬೇಡಿ, ಅದು ಎಂಟನೇ ಹಂತ.

1. ಹೊಗೆಯ ದಾರಿಯನ್ನು ಕಾಗದದ ಮೇಲೆ ಬರೆಯಿರಿ.

ಒಲೆ ಎಲ್ಲಿ ಕೂರುತ್ತದೆ, ಪೈಪು ಎಲ್ಲಿಂದ ಹೊರಗೆ ಹೋಗುತ್ತದೆ, ಎರಡನ್ನೂ ಗುರುತು ಮಾಡಿ. ಒಲೆಯ ನೆತ್ತಿಯಿಂದ ನೆಟ್ಟಗೆ ಸೂರಿನ ತನಕ ಒಂದು ಗೆರೆ ಎಳೆಯಲು ಆಗುವುದಾದರೆ ನೀವು ಪುಣ್ಯವಂತರು, ಹಾಗೇ ಮಾಡಿ. ಗೋಡೆಯಿಂದ ಹೊರಗೆ ಹಾಯಿಸಬೇಕಾದರೆ ಮೊದಲು ಸಾಧ್ಯವಾದಷ್ಟು ಮೇಲಕ್ಕೆ ಹೋಗಲಿ, ಆಮೇಲೆ ತಿರುಗಲಿ. ಕೋಣೆಯೊಳಗೆ 90 ಡಿಗ್ರಿಯ ಬೆಂಡು ಎರಡಕ್ಕಿಂತ ಹೆಚ್ಚು ಬೇಡ. ಒಂದು 90ರ ಬದಲು ಎರಡು 45 ಹಾಕಿಸಿದರೆ ಹೊಗೆ ಸಲೀಸಾಗಿ ಜಾರುತ್ತದೆ, ಬ್ರಶ್ಶೂ ಸಲೀಸಾಗಿ ಹೋಗುತ್ತದೆ.

ಜೋಪಾನ: ಸೂರಿನ ಮೇಲೆ ನಿಂತು ಒಮ್ಮೆ ನೋಡಿ ಬನ್ನಿ. ನೀವು ಗುರುತು ಮಾಡಿದ ಜಾಗದ ನೇರಕ್ಕೆ ತೊಲೆ, ಸ್ಲ್ಯಾಬಿನ ಬೀಮ್, ನೀರಿನ ಟ್ಯಾಂಕು ಇದ್ದರೆ ಒಲೆಯನ್ನೇ ಒಂದಡಿ ಸರಿಸಿ. ಈಗ ಸರಿಸಲು ಖರ್ಚಿಲ್ಲ.

2. ಒಲೆಯ ಹೊಗೆಬಾಯಿಯನ್ನು ಅಳೆಯಿರಿ.

ಒಲೆಯ ಮೇಲೆ ಅಥವಾ ಹಿಂದೆ ಒಂದು ದುಂಡನೆಯ ಕಾಲರ್ ಇರುತ್ತದೆ. ಟೇಪನ್ನು ಅಡ್ಡ ಹಿಡಿದು ಅಂದಾಜು ಮಾಡಿದರೆ ಎರಡು ಮೂರು ಮಿಲಿಮೀಟರ್ ತಪ್ಪುವುದು ಖಂಡಿತ. ಒಂದು ಉಪಾಯ ಹೇಳುತ್ತೇನೆ. ಪೇಪರಿನ ಪಟ್ಟಿಯೊಂದನ್ನು ಕಾಲರಿನ ಒಳಮೈಗೆ ಬಿಗಿಯಾಗಿ ಸುತ್ತಿ, ಎರಡು ತುದಿ ಕೂಡುವಲ್ಲಿ ಗುರುತು ಹಾಕಿ, ಬಿಚ್ಚಿ ನೆಲದ ಮೇಲೆ ಚಾಚಿ ಅಳೆಯಿರಿ. ಬಂದದ್ದನ್ನು 3.14ರಿಂದ ಭಾಗಿಸಿ. 47.9 ಸೆಂಟಿಮೀಟರ್ ಬಂದರೆ ನಿಮ್ಮದು 6 ಇಂಚಿನ ಕಾಲರ್. ಪೈಪು ಕಾಲರಿನ ಒಳಗೆ ಕೂರುವುದರಿಂದ ನಮಗೆ ಬೇಕಾದದ್ದು ಒಳ ಅಳತೆ. ಕಾಗದದಲ್ಲಿ 'ಒಳ' ಅಂತ ಬರೆದೇ ಇಡಿ, ಅಂಗಡಿಯಲ್ಲಿ ನೆನಪು ಕೈಕೊಡುತ್ತದೆ.

3. ಆ ಅಳತೆಯನ್ನು ಕಿರಿದು ಮಾಡುವುದಿಲ್ಲ ಎಂದು ತೀರ್ಮಾನಿಸಿ.

ಇದನ್ನು ಬೇರೆ ಹಂತವಾಗಿ ಬರೆಯಲು ಕಾರಣವಿದೆ. 6 ಇಂಚಿನ ಕಾಲರಿಗೆ "5 ಇಂಚು ಸ್ಟಾಕಿದೆ, ರೆಡ್ಯೂಸರ್ ಹಾಕಿ ಕೊಡ್ತೀವಿ" ಎನ್ನುವವರು ಸಿಕ್ಕೇ ಸಿಗುತ್ತಾರೆ. ಒಂದೇ ಇಂಚಲ್ಲವೇ ಅನಿಸುತ್ತದೆ. ಲೆಕ್ಕ ಹಾಕಿ: 6 ಇಂಚಿನ ಪೈಪಿನ ಬಾಯಿ ಸುಮಾರು 28 ಚದರ ಇಂಚು, 5 ಇಂಚಿನದು 20ಕ್ಕೂ ಕಡಿಮೆ. ಹೊಗೆಯ ದಾರಿಯಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಹೋಯಿತು. 4 ಇಂಚಿಗೆ ಇಳಿದರಂತೂ ಅರ್ಧಕ್ಕಿಂತ ಹೆಚ್ಚು. ಒಲೆಯ ಬಾಗಿಲು ತೆಗೆದಾಗಲೆಲ್ಲ ಹೊಗೆ ಮುಖಕ್ಕೆ ಬರುತ್ತದೆ, ನೀವು ಒಲೆಯನ್ನು ಬೈಯುತ್ತೀರಿ.

4. ಸುತ್ತಲಿನ ಸುಡುವ ವಸ್ತುಗಳ ದೂರ ಅಳೆಯಿರಿ.

ಪೈಪು ಹೋಗುವ ಗೆರೆಯಿಂದ ಎಲ್ಲ ದಿಕ್ಕಿಗೂ ಟೇಪು ಹಿಡಿಯಿರಿ. ಮರದ ಕಪಾಟು, ಪರದೆ, ಕಿಟಕಿಯ ಚೌಕಟ್ಟು, ಪ್ಲೈವುಡ್, ಹೆಂಚಿನ ಕೆಳಗಿನ ರೀಪು ಎಲ್ಲವೂ ಸುಡುವ ವಸ್ತುಗಳೇ. ಪಿಒಪಿ ಫಾಲ್ಸ್ ಸೀಲಿಂಗ್ ಬೆಳ್ಳಗೆ ಕಲ್ಲಿನ ಹಾಗೆ ಕಂಡರೂ ಅದರ ಮೇಲೆ ಮರದ ಚೌಕಟ್ಟೋ ವೈರುಗಳೋ ಇರಬಹುದು, ಒಂದು ಲೈಟ್ ಬಿಚ್ಚಿ ಇಣುಕಿ ನೋಡಿ. ಇಟ್ಟಿಗೆ ಗೋಡೆ ಮತ್ತು ಆರ್‌ಸಿಸಿ ಸ್ಲ್ಯಾಬು ಸುಡುವುದಿಲ್ಲ, ಅಷ್ಟರ ಮಟ್ಟಿಗೆ ನಮ್ಮ ಮನೆಗಳು ಅಮೆರಿಕದ ಮರದ ಮನೆಗಳಿಗಿಂತ ವಾಸಿ. ಅಳತೆಗೆ ಮಾತ್ರ ಅವರದೇ ನಿಯಮ, ಎನ್‌ಎಫ್‌ಪಿಎ 211, ಹಿಡಿಯೋಣ: ಒಂಟಿ ತಗಡಿನ ಪೈಪಿಗೂ ಸುಡುವ ವಸ್ತುವಿಗೂ ನಡುವೆ 18 ಇಂಚು, ಅಂದರೆ ಒಂದೂವರೆ ಅಡಿ.

5. ಒಂಟಿ ಪದರವೋ ಜೋಡಿ ಪದರವೋ, ಆರಿಸಿ.

ಒಂಟಿ ಪದರ ಅಂದರೆ ಒಂದೇ ತಗಡಿನ ಪೈಪು. ಅಗ್ಗ, ಕೋಣೆಗೆ ಚೆನ್ನಾಗಿ ಶಾಖ ಕೊಡುತ್ತದೆ. ಜೋಡಿ ಪದರ ಅಂದರೆ ಪೈಪಿನೊಳಗೆ ಪೈಪು, ನಡುವೆ ಗಾಳಿ. ಹೊರಮೈ ಅಷ್ಟು ಸುಡುವುದಿಲ್ಲ, ಒಳಗಿನ ಹೊಗೆ ಬಿಸಿಯಾಗಿಯೇ ಉಳಿಯುತ್ತದೆ. ಕಂಪನಿಯಲ್ಲಿ ಪರೀಕ್ಷೆಯಾಗಿ ಬರುವ ಜೋಡಿ ಪೈಪಿಗೆ ಸಾಮಾನ್ಯವಾಗಿ 6 ಇಂಚು ದೂರ ಸಾಕು ಎಂದು ಅದರ ಮೇಲೇ ಬರೆದಿರುತ್ತದೆ.

ಯಾವುದು? ನಾಲ್ಕನೇ ಹಂತದಲ್ಲಿ ಎಲ್ಲ ಕಡೆ ಒಂದೂವರೆ ಅಡಿ ಸಿಕ್ಕಿದ್ದರೆ, ಪೈಪು ಕೋಣೆಯೊಳಗೆ 8 ಅಡಿಗಿಂತ ಉದ್ದವಿಲ್ಲದಿದ್ದರೆ, ಒಂಟಿ ಸಾಕು. ದೂರ ಸಿಗದಿದ್ದರೆ ಜೋಡಿ. ಎತ್ತರದ ಸೂರು, ಉದ್ದ ಪೈಪು, ಎರಡು ಬೆಂಡು ಇದ್ದರೂ ಜೋಡಿ. "ಉದ್ದ ಇದ್ದಷ್ಟೂ ಹೆಚ್ಚು ಶಾಖ ಕೋಣೆಗೆ ಸಿಗುತ್ತದಲ್ಲ" ಅಂತ ಒಂಟಿ ಪೈಪನ್ನು ಗೋಡೆಗುಂಟ ಮೆರವಣಿಗೆ ಹೊರಡಿಸುವವರಿದ್ದಾರೆ. ಹೊಗೆ ಸುಮಾರು 120 ಡಿಗ್ರಿಗಿಂತ ಕೆಳಗೆ ಆರಿದರೆ ಅದರಲ್ಲಿನ ನೀರಾವಿ, ಟಾರು ಪೈಪಿನ ಒಳಮೈಗೆ ಅಂಟುತ್ತವೆ. ಇದೇ ಕ್ರಿಯೋಸೋಟ್. ನಮ್ಮ ಹಳೆಯ ಅಡುಗೆಮನೆಗಳ ಅಟ್ಟದಿಂದ ನೇತಾಡುತ್ತಿದ್ದ ಜಿಡ್ಡು ಮಸಿ ನೆನಪಿದೆಯಲ್ಲ, ಅದರ ಅಣ್ಣ. ದಪ್ಪವಾಗಿ ಕೂತ ಮೇಲೆ ಒಂದು ದಿನ ಅದಕ್ಕೇ ಬೆಂಕಿ ಹತ್ತುತ್ತದೆ. ಪುಣೆಯ ಚಳಿ ಹತ್ತು ಡಿಗ್ರಿಯ ಆಸುಪಾಸಿನದು, ಪೈಪಿನಿಂದ ಕೊನೆಯ ಹನಿ ಶಾಖವನ್ನೂ ಹಿಂಡಿಕೊಳ್ಳುವಷ್ಟು ಕಷ್ಟ ನಮಗಿಲ್ಲ.

ಒಂದೇ ಒಂದು ಕಪಾಟು ಅಡ್ಡ ಬರುತ್ತಿದ್ದರೆ ಜೋಡಿ ಪೈಪಿಗೆ ದುಡ್ಡು ಸುರಿಯುವ ಮೊದಲು ಕಪಾಟನ್ನು ಸರಿಸಿ ನೋಡಿ.

6. ಲೋಹ ಆರಿಸಿ.

ಹೊಸಬರು ಜಾರುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನ.

ಜಿಐ, ಅಂದರೆ ಸತು ಬಳಿದ ತಗಡು: ಒಲೆಯ ಪೈಪಿಗೆ ಬೇಡ. ಪುಣೆಯಲ್ಲಿ ಎಸಿ ಡಕ್ಟ್ ಮಾಡುವವರು ಬೇಕಾದಷ್ಟು ಜನ. 6 ಇಂಚಿನ ಸುರುಳಿ ಸುರುಳಿ ಜಿಐ ಪೈಪು ಅವರ ಬಳಿ ಸಿದ್ಧವಾಗಿಯೇ ಇರುತ್ತದೆ, ನೋಡಲು ಲಕ್ಷಣವಾಗಿಯೂ ಇರುತ್ತದೆ. ಆದರೆ 200 ಡಿಗ್ರಿ ದಾಟಿದ ಮೇಲೆ ಆ ಲೇಪ ಕಾಲಕ್ರಮೇಣ ಸಿಪ್ಪೆಯೇಳುತ್ತದೆ, ಸತು 420 ಡಿಗ್ರಿಯಲ್ಲಿ ಕರಗುತ್ತದೆ. ಒಲೆಯ ಬಾಯಿಯ ಹತ್ತಿರ, ಜೋರಾಗಿ ಉರಿಸಿದ ದಿನ, ಆ ಬಿಸಿ ಬರಲಾರದ್ದೇನಲ್ಲ. ಕಾದ ಸತುವಿನ ಹೊಗೆ ಕುಡಿದರೆ ಮೈನಡುಕ, ಜ್ವರ. ಜಿಐ ವೆಲ್ಡಿಂಗ್ ಮಾಡಿದ ದಿನ ಹಾಲು ಕುಡಿಯುವ ವೆಲ್ಡರ್‌ಗಳನ್ನು ಕೇಳಿ, ಆ ಜ್ವರ ಅವರಿಗೆ ಚೆನ್ನಾಗಿ ಗೊತ್ತು. ಹಾಲಿನಿಂದ ಅದು ನಿಲ್ಲುವುದಿಲ್ಲ, ಅದು ಬೇರೆ ಮಾತು.

ಪಿವಿಸಿ: ಕೇಳುವುದೇ ಬೇಡ. "ಮೇಲಿನ ತುಂಡು ಮಾತ್ರ" ಅಂದರೂ ಬೇಡ.

ಆಸ್ಬೆಸ್ಟಾಸ್ ಸಿಮೆಂಟು: ಹಿಂದಿನ ಹೊಗೆರಹಿತ ಒಲೆಗಳಿಗೆ ಇದನ್ನೇ ಹಾಕುತ್ತಿದ್ದರು, ಊರಲ್ಲಿ ಇನ್ನೂ ಇರಬಹುದು. ಕಬ್ಬಿಣದ ಮುಚ್ಚಿದ ಒಲೆಯ ಬಿಸಿಗೆ ಅದು ಬಿರಿಯುತ್ತದೆ. ಕೊಯ್ಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ವಿಷ. ಅಟ್ಟದ ಮೇಲೆ ಹಳೆಯ ತುಂಡಿದ್ದರೆ ಅಲ್ಲೇ ಇರಲಿ, ಗರಗಸ ಹಚ್ಚಬೇಡಿ.

ಬೋರ್‌ವೆಲ್‌ನ ಕೇಸಿಂಗ್ ಪೈಪು: ತೋಟದ ಮೂಲೆಯಲ್ಲಿ ಒಂದು ಉಳಿದಿರುತ್ತದೆ, ಅದನ್ನು ಕಂಡಾಗ ಆಸೆಯಾಗುತ್ತದೆ. ದಪ್ಪ ಕಬ್ಬಿಣವೇನೋ ಹೌದು. ಆದರೆ 6 ಇಂಚಿನ ದಪ್ಪ ಕಬ್ಬಿಣದ ಪೈಪು ಮೀಟರಿಗೆ 15 ಕಿಲೋ ದಾಟಬಹುದು, ಮೂರು ಮೀಟರ್ ನಿಲ್ಲಿಸಿದರೆ ಅರ್ಧ ಕ್ವಿಂಟಲ್ ಭಾರ ಒಲೆಯ ನೆತ್ತಿಯ ಮೇಲೆ. ಜೊತೆಗೆ ಅಷ್ಟು ಕಬ್ಬಿಣ ಕಾಯುವವರೆಗೆ ಹೊಗೆ ಏರುವುದಿಲ್ಲ.

ಉಳಿದದ್ದು ಎರಡು. ಒಂದು ಎಂಎಸ್, ಅಂದರೆ ಸತುವಿಲ್ಲದ ಸಾದಾ ಕಬ್ಬಿಣದ ಶೀಟು. ಕರಿ ಬಣ್ಣ ಬಳಿದರೆ ಶಾಖ ಚೆನ್ನಾಗಿ ಹರಡುತ್ತದೆ, ಯಾರು ಬೇಕಾದರೂ ಬಗ್ಗಿಸಿ ಬೆಸೆದು ಕೊಡುತ್ತಾರೆ. ತೊಂದರೆ ತುಕ್ಕಿನದು. ಎರಡನೆಯದು ಸ್ಟೇನ್‌ಲೆಸ್ ಸ್ಟೀಲು, 304 ದರ್ಜೆಯದು. ದುಬಾರಿ, ತುಕ್ಕಿನ ಕಾಟ ಕಡಿಮೆ. ಮೊದಲ ಬೆಂಕಿಗೇ ಬಂಗಾರ, ನೇರಳೆ, ನೀಲಿ ಬಣ್ಣ ತಿರುಗುತ್ತದೆ. ಅದು ದೋಷವಲ್ಲ, ಉಜ್ಜಲು ಹೋಗಬೇಡಿ.

304 ಕೇಳಿದರೆ 202 ಕೊಡುವವರೂ ಇದ್ದಾರೆ. ಅಯಸ್ಕಾಂತ ಹಿಡಿದು ನೋಡಿದರೆ ತಿಳಿಯುತ್ತದೆ ಎನ್ನುವುದು ನಿಜವಲ್ಲ, ಏಕೆಂದರೆ ಎರಡಕ್ಕೂ ಅಯಸ್ಕಾಂತ ಅಂಟುವುದಿಲ್ಲ. ಬಿಲ್ಲಿನಲ್ಲಿ 'ಎಸ್‌ಎಸ್ 304' ಎಂದು ಬರೆಸಿಕೊಳ್ಳಿ. ಬರೆಯಲು ಹಿಂಜರಿದರೆ ಮುಂದಿನ ಅಂಗಡಿಗೆ ನಡೆಯಿರಿ.

ನನ್ನ ಮಾತು ಕೇಳುವುದಾದರೆ: ಕೋಣೆಯೊಳಗೆ ಕಣ್ಣಿಗೆ ಕಾಣುವ ಭಾಗ ಎಂಎಸ್, ಸೂರಿನಿಂದ ಮೇಲಕ್ಕೆ ಎಸ್‌ಎಸ್ 304. ಮನೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬೀಗ ಹಾಕಿಯೇ ಇರುತ್ತದೆ, ತಾಮ್ಹಿಣಿ ಘಾಟಿನ ಮಗ್ಗುಲಿನದು ಅನ್ನುವುದಾದರೆ ಪೂರ್ತಿ 304 ಹಾಕಿಸಿ. ಅಲ್ಲಿಯ ಮಳೆಗಾಲದಲ್ಲಿ ಒಳಗಿನ ಮಸಿ ತೇವ ಹೀರಿ ಹುಳಿಯಾಗುತ್ತದೆ, ಎಂಎಸ್ ತಗಡನ್ನು ಒಳಗಿನಿಂದಲೇ ತಿನ್ನುತ್ತದೆ.

7. ತಗಡಿನ ದಪ್ಪವನ್ನು ಮಿಲಿಮೀಟರಿನಲ್ಲಿ ಬರೆದಿಡಿ.

ಅಂಗಡಿಯಲ್ಲಿ 'ಗೇಜ್' ಮಾತು ನಡೆಯುತ್ತದೆ. ಗೇಜಿನ ಸಂಖ್ಯೆ ಹೆಚ್ಚಿದಷ್ಟೂ ತಗಡು ತೆಳು, ಇದು ಮೊದಲ ಸಲ ಎಲ್ಲರನ್ನೂ ಬೇಸ್ತು ಬೀಳಿಸುತ್ತದೆ. 24 ಗೇಜ್ ಅಂದರೆ ಅರ್ಧ ಮಿಲಿಮೀಟರಿಗಿಂತ ಚೂರು ಹೆಚ್ಚು, 22 ಅಂದರೆ ಸುಮಾರು 0.7, 20 ಅಂದರೆ 0.9, 18 ಅಂದರೆ 1.2 ಮಿಲಿಮೀಟರ್. 6 ಇಂಚಿನ ಪೈಪಿಗೆ 24 ಗೇಜ್ ಕನಿಷ್ಠ, ಅದಕ್ಕಿಂತ ತೆಳು ಬೇಡವೇ ಬೇಡ. ಎಂಎಸ್ ಆದರೆ 1.2, ಎಸ್‌ಎಸ್ ಆದರೆ 0.8 ಅಥವಾ 1 ಮಿಲಿಮೀಟರ್ ಕೇಳಿ. ಹೆಬ್ಬೆರಳಿನಿಂದ ಒತ್ತಿದರೆ ಡಬ್ಬದ ಹಾಗೆ ಟಕ್ ಅಂತ ಒಳಗೆ ಹೋಗುವ ತಗಡು ನಮಗಲ್ಲ.

8. ಪಟ್ಟಿ ಹಿಡಿದು ಹೋಗಿ, ಮಾಡಿಸಿ.

ಈಗ ಹೊರಡಿ. ಬಿಡಿ ಸಾಮಾನಿಗೆ ರವಿವಾರ ಪೇಠೆಯ ಬೋಹರಿ ಆಳಿ, ತಗಡು ಬಗ್ಗಿಸಿ ಪೈಪು ಮಾಡಿಸಲು ಭೋಸರಿ ಎಂಐಡಿಸಿಯ ಫ್ಯಾಬ್ರಿಕೇಟರ್‌ಗಳು. "ಚಿಮಣಿ" ಅನ್ನಬೇಡಿ, "ಲಾಕಡಾಚ್ಯಾ ಚುಲೀಚಾ ಧುರಾಚಾ ಪೈಪ್" ಅನ್ನಿ. ಸೌದೆ ಒಲೆಯ ಹೊಗೆ ಪೈಪು ಅಂತ ಅರ್ಥವಾಗಿ ಅಂಗಡಿಯವರ ಮುಖ ಬದಲಾಗುತ್ತದೆ.

ಲೆಕ್ಕ ಗೊತ್ತಿದ್ದರೆ ಮೋಸ ಹೋಗುವುದಿಲ್ಲ. 6 ಇಂಚಿನ ಪೈಪಿಗೆ ಸುತ್ತಳತೆ 479 ಮಿಲಿಮೀಟರ್, ಮಡಿಕೆಗೆ ಇಂಚಿನಷ್ಟು ಸೇರಿಸಿದರೆ 505. ಶೀಟು 8 ಅಡಿ ಉದ್ದ, 4 ಅಡಿ ಅಗಲದ್ದು. ಹಾಗಾದರೆ ಒಂದು ಶೀಟಿನಿಂದ 4 ಅಡಿ ಉದ್ದದ ನಾಲ್ಕು ಪೈಪು ಹುಟ್ಟುತ್ತವೆ, ಒಂದಿಷ್ಟು ಪಟ್ಟಿ ಉಳಿಯುತ್ತದೆ. ಆ ಉಳಿದ ಪಟ್ಟಿಯನ್ನೂ ಕೇಳಿ ತನ್ನಿ, ಗೋಡೆಗೆ ಬಿಗಿಯುವ ಕ್ಲ್ಯಾಂಪಿಗೆ ಆಗುತ್ತದೆ.

ಬರೆಸಬೇಕಾದ ಮಾತು ಎರಡು. ಪ್ರತಿ ತುಂಡಿಗೂ ಒಂದು ತುದಿ ಚೂರು ಕಿರಿದಾಗಿರಲಿ, ಇನ್ನೊಂದರ ಒಳಗೆ ಒಂದೂವರೆ ಇಂಚಿನಷ್ಟು ಹೊಗುವ ಹಾಗೆ. ಎಲ್ಲ ತುಂಡನ್ನೂ ಬೆಸೆದು ಒಂದೇ ಕಂಬ ಮಾಡಿ ಕೊಡುತ್ತೇವೆ ಅಂದರೆ ಒಪ್ಪಬೇಡಿ. ಬಿಚ್ಚಲಾಗದ ಪೈಪನ್ನು ತೊಳೆಯಲಾಗುವುದಿಲ್ಲ. ಜೊತೆಗೆ ಕಬ್ಬಿಣ ಕಾದರೆ ಹಿಗ್ಗುತ್ತದೆ: 2 ಮೀಟರ್ ಎಂಎಸ್ ಪೈಪು 300 ಡಿಗ್ರಿ ಹೆಚ್ಚು ಕಾದರೆ ಸುಮಾರು 7 ಮಿಲಿಮೀಟರ್ ಉದ್ದವಾಗುತ್ತದೆ, ಸ್ಟೇನ್‌ಲೆಸ್ ಆದರೆ 10. ಆದ್ದರಿಂದ ಮೇಲಿನ ಒಂದು ಸಂದು ಸ್ಕ್ರೂ ಇಲ್ಲದೆ ಜಾರುವ ಹಾಗೆ ಇರಬೇಕು.

9. ಸ್ಕ್ರೂ ಹಾಕದೆ ಒಮ್ಮೆ ಜೋಡಿಸಿ ನೋಡಿ, ಕಿರಿದು ತುದಿ ಕೆಳಗೆ.

ನಾನು ಕೆಟ್ಟದ್ದು ಈ ಹಂತದಲ್ಲಿ. ಪೈಪಿನ ಸಂದು ಹೊರಗಿನ ನೀರನ್ನು ತಡೆಯುವುದಕ್ಕೆ ಇರುವುದು ಎಂದುಕೊಂಡು ಮೇಲಿನ ತುಂಡನ್ನು ಕೆಳಗಿನದರ ಮೇಲೆ ಟೋಪಿಯ ಹಾಗೆ ಕೂರಿಸಿದೆ. ಹೊಗೆಯೂ ಮೇಲಕ್ಕೆ ತಾನೇ ಹೋಗುವುದು, ಸರಿಯಾಗಿಯೇ ಇದೆ ಅನಿಸಿತು. ಮೂರನೆಯ ರಾತ್ರಿ ಸಂದಿನ ಅಂಚಿನಲ್ಲಿ ಒಂದು ಕಂದು ಹನಿ ಕಾಣಿಸಿತು. ಹೊಗೆಸೊಪ್ಪು ನೆನೆಸಿದ ನೀರಿನ ಬಣ್ಣ, ಬೆಲ್ಲ ಸೀದುಹೋದ ವಾಸನೆ. ಅದು ನಿಧಾನ ಇಳಿದು, ಬೆಂಡಿನ ಮೂಲೆಯಲ್ಲಿ ನಿಂತು, ಸುಣ್ಣ ಹೊಡೆದ ಗೋಡೆಯ ಮೇಲೆ ಬಿತ್ತು. ಸಾಬೂನಿಗೆ ಹೋಗಲಿಲ್ಲ, ಸೀಮೆಎಣ್ಣೆಗೆ ಹೋಗಲಿಲ್ಲ, ಮೇಲೆ ಎರಡು ಕೋಟು ಬಣ್ಣ ಹೊಡೆಸಿದರೂ ಹಳದಿಯಾಗಿ ಮತ್ತೆ ಎದ್ದು ಬಂತು. ಆ ಗೆರೆ ಈಗಲೂ ಇದೆ.

ಒಳಗೆ ಮೇಲಿನಿಂದ ಇಳಿಯುವ ಜಿಡ್ಡು ಒಳಗೇ ಉಳಿದು ಒಲೆಗೆ ಬಿದ್ದು ಸುಟ್ಟುಹೋಗಬೇಕು. ಅದಕ್ಕೆ ಪ್ರತಿ ಮೇಲಿನ ತುಂಡಿನ ಕಿರಿದು ತುದಿ ಕೆಳಗಿನ ತುಂಡಿನ ಒಳಗೆ ಹೊಗಬೇಕು, ಬುಡದ ತುಂಡಿನ ಕಿರಿದು ತುದಿ ಒಲೆಯ ಕಾಲರಿನ ಒಳಗೆ. ಲೋಟದೊಳಗೆ ಲೋಟ ಇಟ್ಟ ಹಾಗೆ. "ಹಾಗಾದರೆ ಸಂದಿನಿಂದ ಹೊಗೆ ಹೊರಬರುವುದಿಲ್ಲವೇ?" ಬರುವುದಿಲ್ಲ, ಭಯಪಡಬೇಡಿ. ಬಿಸಿ ಪೈಪು ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತಿರುತ್ತದೆ, ಒಳಗಿನದನ್ನು ಹೊರಗೆ ತಳ್ಳುವುದಿಲ್ಲ.

ಅಡ್ಡ ತುಂಡು ಇದ್ದರೆ ಒಲೆಯಿಂದ ಹೊರಕ್ಕೆ ಹೋಗುತ್ತ ಏರುತ್ತಿರಬೇಕು, ಅಡಿಗೆ ಎರಡು ಸೂತದಂತೆ, ಅಂದರೆ ಕಾಲು ಇಂಚು. ಲೆವೆಲ್ ಇಟ್ಟು ನೋಡಿ, ಕಣ್ಣಳತೆ ನಂಬಬೇಡಿ. ಅದರ ಉದ್ದದ ಮಡಿಕೆ ಮೇಲ್ಗಡೆ ಬರಲಿ.

10. ಪ್ರತಿ ಸಂದಿಗೆ ಮೂರು ಸ್ಕ್ರೂ ಹಾಕಿ.

ಸುತ್ತ ಸಮದೂರದಲ್ಲಿ, ಸೆಲ್ಫ್ ಟ್ಯಾಪಿಂಗ್ ಸ್ಕ್ರೂ, ಅರ್ಧ ಇಂಚಿನದು ಸಾಕು. ಒಂದು ಮಾತ್ರ ಹಾಕಿ ಬಿಟ್ಟರೆ ಪೈಪು ಅದರ ಸುತ್ತ ತಿರುಗುತ್ತದೆ. ಜಾರುವ ಸಂದು ಯಾವುದೆಂದು ನೆನಪಿದೆಯಲ್ಲ, ಅಲ್ಲಿ ಹಾಕಬೇಡಿ. ಅಲ್ಲಿ ಮೇಲಿನ ಭಾಗದ ಭಾರವನ್ನು ಗೋಡೆಯ ಕ್ಲ್ಯಾಂಪು ಹೊರಲಿ. ತಗಡಿನ ಅಂಚು ಬ್ಲೇಡಿನಂತಿರುತ್ತದೆ, ಗ್ಲೌಸ್ ಬಿಚ್ಚಬೇಡಿ.

11. ಸಂದು ತುಂಬಿ.

ಎಂ-ಸೀಲ್, ಟೆಫ್ಲಾನ್ ಟೇಪು, ಬಿಳಿ ಸಿಲಿಕೋನ್ ಯಾವುದೂ ಈ ಬಿಸಿಗೆ ನಿಲ್ಲುವುದಿಲ್ಲ. ಫೈರ್ ಸಿಮೆಂಟನ್ನು ಬೆರಳಿನಿಂದ ತೆಳ್ಳಗೆ ಸವರಿ. ಒಲೆಯ ಕಾಲರಿನಲ್ಲಿ ಸಂದು ದೊಡ್ಡದಿದ್ದರೆ ಮೊದಲು ಸೆರಾಮಿಕ್ ಹಗ್ಗ ತುರುಕಿ.

12. ಸೂರಿನ ಬಳಿ ಒಳಗಿನ ಪೈಪನ್ನು ನಿಲ್ಲಿಸಿ.

ಒಂಟಿ ತಗಡಿನ ಪೈಪು ಸ್ಲ್ಯಾಬು, ಅಟ್ಟ, ಹೆಂಚು ಯಾವುದರ ಮೂಲಕವೂ ಹಾಯಬಾರದು. ಅಲ್ಲಿಂದ ಮೇಲೆ ಶಾಖ ತಡೆಯುವ ಹೊದಿಕೆ ಸುತ್ತಿದ ಪೈಪು: ಒಳಗೆ 6 ಇಂಚಿನ ಎಸ್‌ಎಸ್ 304, ಸುತ್ತ ಎರಡು ಇಂಚು ಸೆರಾಮಿಕ್ ವುಲ್, ಹೊರಗೆ ಇನ್ನೊಂದು ತಗಡು. ಗ್ಲಾಸ್ ವುಲ್ ಅಗ್ಗಕ್ಕೆ ಸಿಗುತ್ತದೆ, ಆದರೆ ಒಳಪೈಪಿನ ಬಿಸಿಗೆ ಅದರ ಅಂಟು ಸುಟ್ಟು ಕುಗ್ಗುತ್ತದೆ. ಸೆರಾಮಿಕ್ ವುಲ್ ಸಾಮಾನ್ಯವಾಗಿ 1260 ಡಿಗ್ರಿಯ ದರ್ಜೆಯದು, ಅದನ್ನೇ ಕೇಳಿ. ಸುತ್ತುವಾಗ ಮಾಸ್ಕ್ ಕಟ್ಟಿಕೊಳ್ಳಿ, ತುಂಬುತೋಳಿನ ಅಂಗಿ ಹಾಕಿಕೊಳ್ಳಿ, ಇಲ್ಲದಿದ್ದರೆ ರಾತ್ರಿಯೆಲ್ಲ ಕೆರೆದುಕೊಳ್ಳುತ್ತೀರಿ.

ಸ್ಲ್ಯಾಬಿಗೆ ತೂತು ಹಾಕುವ ಕೆಲಸ ಕೋರ್ ಕಟಿಂಗಿನವರದು, ಸುತ್ತಿಗೆ ಉಳಿ ಹಿಡಿದ ಗೌಂಡಿಯದಲ್ಲ. ಎಲ್ಲಿ ಕೊರೆಯಬೇಕೆಂದು ಮನೆಯ ಇಂಜಿನಿಯರ್ ಒಮ್ಮೆ ನೋಡಿ ಹೇಳಲಿ. ಹೆಂಚಿನ ಮನೆಯಾದರೆ ರೀಪು, ತೊಲೆಗಳಿಂದ ಹೊರತಗಡಿನ ತನಕ ಕನಿಷ್ಠ ಎರಡು ಇಂಚು ಖಾಲಿ ಬಿಡಿ, ಅಲ್ಲಿ ಏನನ್ನೂ ತುಂಬಬೇಡಿ.

ಸೂರಿನ ಮೇಲೆ ಎಷ್ಟೆತ್ತರ? ಪೈಪು ಹೊರಬರುವ ಜಾಗದಿಂದ 3 ಅಡಿ, ಜೊತೆಗೆ 10 ಅಡಿ ದೂರದೊಳಗೆ ಇರುವ ಟ್ಯಾಂಕು, ಪ್ಯಾರಪೆಟ್, ಮಾಡಿನ ತುದಿ ಇವೆಲ್ಲಕ್ಕಿಂತ 2 ಅಡಿ ಮೇಲೆ. ಒಲೆಯಿಂದ ತುದಿಯ ತನಕ ಒಟ್ಟು ಸುಮಾರು 15 ಅಡಿ ಸಿಕ್ಕಿದರೆ ಎಳೆತ ಚೆನ್ನಾಗಿರುತ್ತದೆ. ತುದಿಗೆ ಒಂದು ಟೋಪಿ, ಟೋಪಿಯ ಸುತ್ತ ಅರ್ಧ ಇಂಚು ಕಣ್ಣಿನ ಜಾಳಿಗೆ. ಸೊಳ್ಳೆ ಜಾಳಿಗೆ ಹಾಕಿದರೆ ಒಂದೇ ತಿಂಗಳಲ್ಲಿ ಮಸಿ ಕಟ್ಟಿ ಮುಚ್ಚುತ್ತದೆ. ಏನೂ ಹಾಕದಿದ್ದರೆ ಆ ಇನ್ನೊಂದು ಚಿಮಣಿ ಬಂದು ಗೂಡು ಕಟ್ಟುತ್ತದೆ.

13. ಊದುಬತ್ತಿ ಹಚ್ಚಿ, ಆಮೇಲೆ ಒಲೆ ಹಚ್ಚಿ.

ಕಿಟಕಿ ಬಾಗಿಲು ಎಲ್ಲ ತೆಗೆಯಿರಿ. ಹೊಸ ಬಣ್ಣ ಸುಟ್ಟು ಮೊದಲ ಎರಡು ಮೂರು ಸಲ ನಾತ ಬರುತ್ತದೆ, ಅದು ಪೈಪಿನ ಹೊರಮೈಯದು. ಒಂದು ಹಾಳೆ ಪೇಪರನ್ನು ಉರುಟು ಮಾಡಿ ಹಚ್ಚಿ ಒಲೆಯೊಳಗೆ ಇಡಿ, ಪೈಪಿನ ತಣ್ಣನೆ ಗಾಳಿ ಕದಲಲಿ. ಆಮೇಲೆ ಬೆರಳುದಪ್ಪದ ಪುಳ್ಳೆಗಳು. ಪುಳ್ಳೆ ಹತ್ತಿಕೊಂಡ ಮೇಲೆ ಊದುಬತ್ತಿಯನ್ನು ಒಂದೊಂದೇ ಸಂದಿನ ಬಳಿ ಹಿಡಿಯಿರಿ. ಅದರ ಹೊಗೆಯ ಎಳೆ ಸಂದಿನ ಕಡೆ ಬಾಗಿದರೆ ಪೈಪು ಎಳೆಯುತ್ತಿದೆ ಎಂದರ್ಥ, ಆ ಸಂದಿಗೆ ಇನ್ನಷ್ಟು ಫೈರ್ ಸಿಮೆಂಟ್ ಸವರಿ. ಎಳೆ ನೆಟ್ಟಗೆ ನಿಂತರೆ ಸಂದು ಭದ್ರ. ಸಂದು ಬಿಟ್ಟು ಈಚೆ ಚದುರಿದರೆ ಬೆಂಕಿ ಆರಿಸಿ, ಮೇಲಿನ ಟೋಪಿ ನೋಡಿ, ಬೆಂಡು ನೋಡಿ.

ಮೊದಲ ಬೆಂಕಿ ಸಣ್ಣದಿರಲಿ, ಅರ್ಧ ಗಂಟೆ. ಎರಡನೆಯದು ಒಂದು ಗಂಟೆ. ಜಾಲಿ ಕಟ್ಟಿಗೆ ಒಳ್ಳೆಯದು, ಆದರೆ ವರ್ಷ ಒಣಗಿದ್ದಿರಲಿ. ಹಸಿ ಕಟ್ಟಿಗೆ ಹಾಕಿದರೆ ಈ ತನಕ ಆರಿಸಿ ತಂದ ಯಾವ ಪೈಪೂ ಜಿಡ್ಡು ಹಿಡಿಯದೆ ಉಳಿಯುವುದಿಲ್ಲ. ಕೊಯ್ದ ತುದಿಯಲ್ಲಿ ಬಿರುಕು ಬಿಟ್ಟಿರಬೇಕು, ಎರಡು ತುಂಡು ಬಡಿದರೆ ಟಣ್ ಅನ್ನಬೇಕು.

ಜೋಪಾನ: ಮಲಗುವ ಮೊದಲು ಗಾಳಿಯ ಬಾಗಿಲು ಪೂರ್ತಿ ಮುಚ್ಚಿ ಕೆಂಡ ಉಳಿಸಿಕೊಳ್ಳುವ ಆಸೆ ಬೇಡ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದನ್ನು ಹಿಡಿದು ಕೂಗುವ ಬ್ಯಾಟರಿ ಅಲಾರಂ ಒಂದನ್ನು ಆ ಕೋಣೆಯಲ್ಲಿಡಿ, ಒಂದು ಕಿಟಕಿ ಎರಡು ಬೆರಳಿನಷ್ಟು ತೆರೆದಿರಲಿ.

14. ಮೇ ತಿಂಗಳಲ್ಲಿ ಪೈಪು ಬಿಚ್ಚಿ.

ಚಳಿಗಾಲ ಮುಗಿದ ಮೇಲೆ, ಮಳೆ ಹಿಡಿಯುವ ಮೊದಲು. ಒಳಗಿನ ತುಂಡುಗಳನ್ನು ಅಂಗಳಕ್ಕೆ ಒಯ್ದು ಗೋಣಿಯ ಮೇಲೆ ಬಡಿಯಿರಿ, ತಂತಿ ಬ್ರಶ್ಶು ಹಾಯಿಸಿ. ಬೂದಿಯಂತೆ ಉದುರಿದರೆ ಕಟ್ಟಿಗೆ ಒಣಗಿತ್ತು. ಡಾಂಬರಿನಂತೆ ಹೊಳೆದು ಅಂಟಿಕೊಂಡಿದ್ದರೆ ಮುಂದಿನ ವರ್ಷ ಡಿಸೆಂಬರಿನ ನಡುವೆಯೂ ಒಮ್ಮೆ ಬಿಚ್ಚಬೇಕು. ಎಂಎಸ್ ತುಂಡನ್ನು ಹೊರಗಿನಿಂದ ಬೆರಳಿನಲ್ಲಿ ತಟ್ಟುತ್ತ ಹೋಗಿ, ಎಲ್ಲಾದರೂ ಸದ್ದು ಮಂಕಾದರೆ ಅಲ್ಲಿ ತುಕ್ಕು ತಿಂದಿದೆ, ಆ ತುಂಡು ಬದಲಿಸಿ.

ಮತ್ತೆ ಜೋಡಿಸಿದ ಮೇಲೆ ಮೇಲಿನ ಟೋಪಿಗೆ ದಪ್ಪ ಪ್ಲಾಸ್ಟಿಕ್ ಹೊದಿಸಿ, ತಂತಿಯಿಂದ ಬಿಗಿಯಿರಿ, ಅಡ್ಡಮಳೆ ಒಳಗೆ ಬರುವುದಿಲ್ಲ. ಕೆಳಗಿಳಿದು ಬಂದವರೇ ಒಲೆಯ ಬಾಗಿಲ ಹಿಡಿಗೆ ಒಂದು ಕೆಂಪು ಬಟ್ಟೆ ಕಟ್ಟಿ. ಅಕ್ಟೋಬರಿನಲ್ಲಿ ಮೊದಲ ತಣ್ಣನೆ ಸಂಜೆ ನೆಂಟರು ಯಾರೋ ಉತ್ಸಾಹದಿಂದ ಕಡ್ಡಿ ಗೀರುತ್ತಾರೆ, ಮೇಲೆ ಪ್ಲಾಸ್ಟಿಕ್ ಇರುವುದು ಆಗ ಯಾರಿಗೂ ನೆನಪಿರುವುದಿಲ್ಲ.